ನಿಕಲ್ ಪದರದೊಳಗಿನ ನ್ಯಾನೋ ಪುಡಿ

ಮಲೆನಾಡಿನ ಕಾಫಿ ತೋಟಗಳಲ್ಲಿ ಒಣಗಿದ ಮರ ಉರುಳಿಸಲು, ನೆರಳಿನ ಮರಗಳ ಕೊಂಬೆ ಕೊಯ್ಯಲು ಬಳಸುವ ಚೈನ್‌ಸಾದೊಳಗೆ ಅಂಗೈ ಅಗಲದ ಟೂ ಸ್ಟ್ರೋಕ್ ಎಂಜಿನ್ ಇರುತ್ತದೆ. ಪೂರ್ತಿ ಥ್ರಾಟಲ್ ಕೊಟ್ಟಾಗ ಅದು ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ಕೈಯಲ್ಲಿ ಹಿಡಿದು ದುಡಿಯುವ ಯಂತ್ರವಾದ್ದರಿಂದ ತೂಕ ಇಳಿಸಲೆಂದು ಸಿಲಿಂಡರನ್ನು ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದಿರುತ್ತಾರೆ. ಅಲ್ಯೂಮಿನಿಯಂ ಮೆದು ಲೋಹ. ಪಿಸ್ಟನ್ ರಿಂಗು ಆ ವೇಗದಲ್ಲಿ ಅದನ್ನು ನೇರವಾಗಿ ಉಜ್ಜಿದರೆ ಗೀರು ಬಿದ್ದು ಎಂಜಿನ್ ಬೇಗನೆ ಜಾಮ್ ಆಗಬೇಕು. ಆದರೆ ಒಳ್ಳೆಯ ದರ್ಜೆಯ ಯಂತ್ರಗಳು ವರ್ಷಗಟ್ಟಲೆ ಬಾಳುತ್ತವೆ. ಸಿಲಿಂಡರ್ ಬಿಚ್ಚಿ ಬೆಳಕಿಗೆ ಹಿಡಿದರೆ ಕಾರಣ ಕಾಣುತ್ತದೆ. ಒಳಗೋಡೆಗೆ ಬೂದುಬಣ್ಣದ, ಮಂದ ಹೊಳಪಿನ ಒಂದು ಪದರವಿದೆ. ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೂ ದಪ್ಪವಿಲ್ಲದ ಆ ಪದರ ನಿಕಲ್‌ನದು. ಬರೀ ನಿಕಲ್ ಅಲ್ಲ, ಅದರೊಳಗೆ ಸಿಲಿಕಾನ್ ಕಾರ್ಬೈಡ್ ಪುಡಿ ಹೂತು ಕೂತಿದೆ. ಸಾಣೆಚಕ್ರಕ್ಕೆ, ಉಜ್ಜುಕಾಗದಕ್ಕೆ ಹಾಕುವ ಪುಡಿಯೇ ಅದು.

ಎರಡು ಗುಣಗಳನ್ನು ಒಂದೇ ಪದರದಲ್ಲಿ ಸೇರಿಸುವ ಈ ಉಪಾಯ ಹೊಸದಲ್ಲ. ತಾಮ್ರದ ಜತೆಗೆ ಗ್ರಾಫೈಟ್ ಪುಡಿಯನ್ನೂ ವಿದ್ಯುತ್ತಿನಿಂದ ಕೂರಿಸಬಹುದು ಎಂಬುದನ್ನು ಅಮೆರಿಕದ ಫಿಂಕ್ ಮತ್ತು ಪ್ರಿನ್ಸ್ 1928ರಲ್ಲೇ ಬರೆದಿದ್ದರು. ಕಾರ್ಖಾನೆಯ ಮಟ್ಟದಲ್ಲಿ ಇದಕ್ಕೆ ಹೆಸರು ತಂದದ್ದು ಜರ್ಮನಿಯ ಮಾಲೆ ಕಂಪನಿ. ಪಿಸ್ಟನ್ನಿನ ಬದಲು ತ್ರಿಕೋನಾಕಾರದ ರೋಟರ್ ತಿರುಗುವ ವ್ಯಾಂಕೆಲ್ ಎಂಜಿನ್ನಿನಲ್ಲಿ ರೋಟರಿನ ತುದಿಯ ಸೀಲುಗಳು ಅಲ್ಯೂಮಿನಿಯಂ ಗೋಡೆಯನ್ನು ಕೆರೆಯುತ್ತಿದ್ದವು. ಅದಕ್ಕೆ ಪರಿಹಾರವಾಗಿ ಮಾಲೆ 1967ರಲ್ಲಿ ನಿಕಾಸಿಲ್ ಲೇಪವನ್ನು ತಂದಿತು. ನಿಕಲ್, ಅದರೊಳಗೆ ಕೆಲವೇ ಮೈಕ್ರಾನ್ ಗಾತ್ರದ ಸಿಲಿಕಾನ್ ಕಾರ್ಬೈಡ್ ಕಣಗಳು. ವ್ಯಾಂಕೆಲ್ ಎಂಜಿನ್ ವ್ಯಾಪಕವಾಗಿ ಹರಡಲಿಲ್ಲ, ಲೇಪ ಮಾತ್ರ ಗೆದ್ದಿತು. 1973ರ ಪೋರ್ಷೆ 911 ಕರೆರಾ ಆರ್‌ಎಸ್ 2.7 ಕಾರಿನಲ್ಲಿ ಕಬ್ಬಿಣದ ಲೈನರ್ ಕೈಬಿಟ್ಟು ಈ ತೆಳು ಪದರವನ್ನೇ ನಂಬಿದ್ದರಿಂದ ಜಾಗ ಉಳಿಯಿತು. ಹಿಂದಿನ ಎಂಜಿನ್ನಿನಲ್ಲಿ 84 ಮಿ.ಮೀ. ಇದ್ದ ಬೋರ್ 90 ಮಿ.ಮೀ.ಗೆ ಹಿಗ್ಗಿತು. ಇವತ್ತು ಬೈಕ್‌ಗಳಿಂದ ಹಿಡಿದು ಮರ ಕೊಯ್ಯುವ ಯಂತ್ರದವರೆಗೆ ಈ ಬಗೆಯ ಲೇಪ ಹಬ್ಬಿದೆ.

ಪ್ರಯೋಗಾಲಯಗಳು ಆಮೇಲೆ ಕೇಳಿದ ಪ್ರಶ್ನೆ ಸರಳ. ಪುಡಿಯನ್ನು ಇನ್ನೂ ನೂರು ಪಟ್ಟು ನುಣ್ಣಗೆ ಮಾಡಿದರೆ ಏನಾಗುತ್ತದೆ? ಅದಕ್ಕೆ ಸಿಕ್ಕ ಉತ್ತರ ಪುಡಿಗಿಂತ ಹೆಚ್ಚಾಗಿ ನಿಕಲ್ ಬಗ್ಗೆಯೇ ಹೇಳುತ್ತದೆ.

ಮೊದಲು ತೊಟ್ಟಿಯನ್ನು ನೋಡಬೇಕು. ಬೆಂಗಳೂರಿನ ಪೀಣ್ಯದಲ್ಲಾಗಲಿ, ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಾಗಲಿ, ಪ್ಲೇಟಿಂಗ್ ಶಾಪ್ ಒಂದರ ನಿಕಲ್ ಬಾತ್ ಕಣ್ಣಿಗೆ ಹಿತವಾದ ಪಚ್ಚೆ ಹಸಿರು. ಅದರ ಮೂಲ ಪಾಕವನ್ನು ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆಲಿವರ್ ವಾಟ್ಸ್ 1916ರಲ್ಲಿ ಕೊಟ್ಟರು. ನೂರು ವರ್ಷ ದಾಟಿದರೂ ಅದು ಹೆಚ್ಚೇನೂ ಬದಲಾಗಿಲ್ಲ. ಲೀಟರ್ ನೀರಿಗೆ 240ರಿಂದ 300 ಗ್ರಾಂ ನಿಕಲ್ ಸಲ್ಫೇಟ್, 40ರಿಂದ 60 ಗ್ರಾಂ ನಿಕಲ್ ಕ್ಲೋರೈಡ್, 30ರಿಂದ 45 ಗ್ರಾಂ ಬೋರಿಕ್ ಆಸಿಡ್. ಕೇರಂ ಬೋರ್ಡಿನ ಮೇಲೆ ಉದುರಿಸುವ ಪುಡಿಯೂ ಇದೇ ಬೋರಿಕ್ ಆಸಿಡ್, ತೊಟ್ಟಿಯಲ್ಲಿ ಅದು ಆಮ್ಲೀಯತೆಯನ್ನು ಹದದಲ್ಲಿಡುತ್ತದೆ. ಹೈಡ್ರೋಜನ್ ಗುಳ್ಳೆಗಳು ಅಂಟಿಕೊಂಡು ಲೇಪದಲ್ಲಿ ತೂತು ಬೀಳದಿರಲೆಂದು ಚೂರು ಸೋಡಿಯಂ ಲಾರಿಲ್ ಸಲ್ಫೇಟ್ ಹಾಕುತ್ತಾರೆ. ಶಾಂಪೂವಿಗೆ ನೊರೆ ಕೊಡುವ ವಸ್ತು ಅದು. ಪದರ ಬಿರುಕು ಬಿಡದೆ ನಯವಾಗಿ ಬರಲು ಸ್ಯಾಕರಿನ್ ಬೇಕು, ಸಕ್ಕರೆ ಕಾಯಿಲೆಯವರು ಕಾಫಿಗೆ ಹಾಕಿಕೊಳ್ಳುತ್ತಿದ್ದ ಸ್ಯಾಕರಿನ್ನೇ.

ಗ್ರೀಸ್ ತೆಗೆದು, ಆಸಿಡ್‌ನಲ್ಲಿ ಅದ್ದಿ, ನೀರಿನಲ್ಲಿ ತೊಳೆದ ಬಿಡಿಭಾಗವನ್ನು ಜಿಗ್‌ಗೆ ಸಿಕ್ಕಿಸಿ 50 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಈ ಬಾತ್‌ಗೆ ಇಳಿಸುತ್ತಾರೆ. ಎದುರಿಗೆ ಬಟ್ಟೆಚೀಲದೊಳಗೆ ನಿಕಲ್ ತುಂಡುಗಳು ಆನೋಡ್ ಆಗಿ ತೂಗುತ್ತಿರುತ್ತವೆ. ರೆಕ್ಟಿಫೈಯರ್ ಆನ್ ಮಾಡಿದರೆ ಆನೋಡ್ ಕರಗುತ್ತದೆ, ನಿಕಲ್ ಅಯಾನುಗಳು ದ್ರಾವಣ ದಾಟಿ ಬಂದು ಬಿಡಿಭಾಗದ ಮೇಲೆ ಲೋಹವಾಗಿ ಕೂರುತ್ತವೆ. ಹತ್ತು ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಜಾಗಕ್ಕೆ 4 ಆಂಪಿಯರ್ ಹರಿಸಿದರೆ ಒಂದು ಗಂಟೆಯಲ್ಲಿ 45ರಿಂದ 50 ಮೈಕ್ರಾನ್ ದಪ್ಪದ ಪದರ ಸಿದ್ಧ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ.

ಈಗ ಅದೇ ಬಾತ್‌ಗೆ ಪುಡಿ ಸುರಿಯಬೇಕು. ಸಿಲಿಕಾನ್ ಕಾರ್ಬೈಡ್, ಅಲ್ಯೂಮಿನಾ, ಜಿರ್ಕೋನಿಯಾ, ಟೈಟಾನಿಯಂ ಡೈಆಕ್ಸೈಡ್, ಸೀರಿಯಂ ಆಕ್ಸೈಡ್, ಸಿಲಿಕಾನ್ ನೈಟ್ರೈಡ್, ಹೀಗೆ ಆಯ್ಕೆ ದೊಡ್ಡದು. ಹಸಿರು ತಿಳಿನೀರು ಕೆಸರಿನ ಬಣ್ಣಕ್ಕೆ ತಿರುಗುತ್ತದೆ. ಪುಡಿಯ ಕಣವೇನೂ ವಿದ್ಯುತ್ತಿನಿಂದ ಲೋಹವಾಗುವುದಿಲ್ಲ. ಕಲಕುತ್ತಿರುವ ದ್ರಾವಣ ಅದನ್ನು ಬಿಡಿಭಾಗದವರೆಗೆ ಒಯ್ಯುತ್ತದೆ. ಮುಂದಿನ ಕತೆಯನ್ನು 1972ರಲ್ಲಿ ಗುಲ್ಯೆಲ್ಮಿ ಎಂಬ ಇಟಲಿಯ ವಿಜ್ಞಾನಿ ಎರಡು ಹಂತಗಳಲ್ಲಿ ವಿವರಿಸಿದರು. ಅಯಾನುಗಳನ್ನು ಮೈಗೆ ಸುತ್ತಿಕೊಂಡ ಕಣ ಮೊದಲು ಮೇಲ್ಮೈಗೆ ಸಡಿಲವಾಗಿ ತಾಗಿ ನಿಲ್ಲುತ್ತದೆ, ಬಹುಪಾಲು ಕಣಗಳು ಅಲ್ಲಿಂದಲೇ ಕಳಚಿ ಹೋಗುತ್ತವೆ. ಉಳಿದವು ವಿದ್ಯುತ್ ಕ್ಷೇತ್ರದ ಸೆಳೆತಕ್ಕೆ ಗಟ್ಟಿಯಾಗಿ ಅಂಟುತ್ತವೆ, ಆಗ ಸುತ್ತಲಿಂದ ಬೆಳೆಯುವ ನಿಕಲ್ ಅವನ್ನು ಮುಚ್ಚಿಬಿಡುತ್ತದೆ. ಅರ್ಧ ಶತಮಾನ ಕಳೆದರೂ ಈ ಕ್ಷೇತ್ರದವರು ಅವರ ಲೆಕ್ಕದಿಂದಲೇ ಮಾತು ಶುರು ಮಾಡುತ್ತಾರೆ.

ಒಂದು ಮೈಕ್ರಾನಿನ ಒಂದೇ ಒಂದು ಕಣವನ್ನು 20 ನ್ಯಾನೋಮೀಟರಿನ ಕಣಗಳಾಗಿ ಒಡೆದರೆ 1,25,000 ಕಣ ಸಿಗುತ್ತವೆ. ವಸ್ತು ಅಷ್ಟೇ, ಮೇಲ್ಮೈ ಮಾತ್ರ 50 ಪಟ್ಟು. ಇಷ್ಟು ಸಣ್ಣ ಕಣಗಳು ನಿಕಲ್ ಬೆಳೆಯುವ ಜಾಗದಲ್ಲೆಲ್ಲ ಬಂದು ಕೂತರೆ ನಿಕಲ್ ತನ್ನ ಪಾಡಿಗೆ ತಾನು ಬೆಳೆಯಲಾಗದು. ಪುಡಿಯಿಲ್ಲದ ಬಾತ್‌ನಲ್ಲಿ ನಿಕಲ್ ಹರಳುಗಳು ಕಂಬಗಳಾಗಿ ಮೇಲಕ್ಕೆ ಉದ್ದುದ್ದ ಬೆಳೆಯುತ್ತವೆ. ಕಣ ಅಡ್ಡ ಬಂದ ಕಡೆ ಹರಳಿನ ಬೆಳವಣಿಗೆ ನಿಲ್ಲುತ್ತದೆ, ಪಕ್ಕದಲ್ಲಿ ಹೊಸ ಹರಳು ಮೊಳೆಯುತ್ತದೆ. ಕೊನೆಗೆ ಉಳಿಯುವುದು ಕಂಬಗಳ ಬದಲು ಒತ್ತೊತ್ತಾಗಿ ಕೂತ ಸಣ್ಣ ಹರಳುಗಳ ಪದರ.

ಗಡಸುತನದ ಗುಟ್ಟು ಇಲ್ಲಿದೆ. ಗಟ್ಟಿ ಪುಡಿ ಹಾಕಿದ್ದಕ್ಕೆ ಗಟ್ಟಿ ಲೇಪ ಬಂತು ಎಂದು ಸುಲಭವಾಗಿ ಅನ್ನಿಸುತ್ತದೆ, ಆದರೆ ನ್ಯಾನೋ ಲೇಪಗಳಲ್ಲಿ ಪುಡಿಯ ಪಾಲು ತೂಕದಲ್ಲಿ ಎಷ್ಟೋ ಸಲ ಶೇಕಡ ಒಂದೆರಡು ಮಾತ್ರ. ಸಿಲಿಕಾನ್ ಕಾರ್ಬೈಡಿಗಿಂತ ಎಷ್ಟೋ ಮೆದುವಾದ ಸೀರಿಯಂ ಆಕ್ಸೈಡ್, ಟೈಟಾನಿಯಂ ಡೈಆಕ್ಸೈಡ್ ಹಾಕಿದರೂ ಗಡಸುತನ ಏರುತ್ತದೆ. ಲೋಹ ಬಾಗುವುದು, ತಗ್ಗುವುದು ಎಂದರೆ ಅದರ ಹರಳಿನೊಳಗೆ ಪರಮಾಣು ಸಾಲುಗಳ ಜೋಡಣೆಯ ಒಂದು ತಪ್ಪು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸರಿಯುವುದು. ಬಯಲಿನಲ್ಲಿ ಸರಾಗವಾಗಿ ಹರಿಯುವ ನೀರು ಗದ್ದೆಯ ಬದುಗಳ ಮುಂದೆ ನಿಂತುಬಿಡುವಂತೆ, ಈ ತಪ್ಪು ಹರಳಿನ ಅಂಚಿಗೆ ಬಂದು ನಿಲ್ಲುತ್ತದೆ. ಹರಳು ಸಣ್ಣದಾದಷ್ಟೂ ಅಂಚು ಹೆಚ್ಚು, ತಡೆ ಹೆಚ್ಚು. ಬ್ರಿಟನ್ನಿನಲ್ಲಿ ಹಾಲ್ 1951ರಲ್ಲಿ, ಪೆಚ್ 1953ರಲ್ಲಿ ಉಕ್ಕಿನ ಮೇಲೆ ಕೆಲಸ ಮಾಡುತ್ತ ಕಂಡುಕೊಂಡ ನಿಯಮವಿದು. ಹರಳಿನೊಳಗೇ ಸಿಕ್ಕಿಕೊಂಡ ನ್ಯಾನೋ ಕಣಗಳು ಇನ್ನಷ್ಟು ಅಡ್ಡಿ ಒಡ್ಡುತ್ತವೆ.

ಗಡಸುತನವನ್ನು ಅಳೆಯುವ ಬಗೆ ಬಹಳ ಚೆಂದ. ಲೇಪ ಹಾಕಿದ ತುಂಡನ್ನು ಅಡ್ಡಕ್ಕೆ ಕೊಯ್ದು, ಕನ್ನಡಿಯಷ್ಟು ನುಣುಪು ಬರುವವರೆಗೆ ಉಜ್ಜಿ, ಪಿರಮಿಡ್ ಆಕಾರದ ವಜ್ರದ ಮೊನೆಯನ್ನು 50 ಗ್ರಾಂ ಭಾರದಿಂದ ಅದರ ಮೇಲೆ ಒತ್ತುತ್ತಾರೆ. ಆಮೇಲೆ ಅಲ್ಲಿ ಮೂಡಿದ ಚೌಕ ಗುರುತಿನ ಕರ್ಣವನ್ನು ಸೂಕ್ಷ್ಮದರ್ಶಕದಲ್ಲಿ ಅಳೆಯುತ್ತಾರೆ. ಸಾಮಾನ್ಯ ವಾಟ್ಸ್ ನಿಕಲ್‌ನ ಗಡಸುತನ ವಿಕರ್ಸ್ ಮಾನದಲ್ಲಿ 200ರ ಆಸುಪಾಸು, ಆಗ ಕರ್ಣ ಸುಮಾರು 21 ಮೈಕ್ರಾನ್. ನ್ಯಾನೋ ಪುಡಿ ಸೇರಿದ ಒಳ್ಳೆಯ ಲೇಪ 400ರಿಂದ 600ರವರೆಗೆ ಮುಟ್ಟುತ್ತದೆ. 500 ಬಂದರೆ ಕರ್ಣ 14 ಮೈಕ್ರಾನಿಗೂ ಕಡಿಮೆ. ತಿಂಗಳುಗಟ್ಟಲೆ ಬಾತ್ ಹದ ಮಾಡಿದ್ದರ ಫಲವನ್ನು ಈ ಏಳೆಂಟು ಮೈಕ್ರಾನ್ ವ್ಯತ್ಯಾಸದಲ್ಲಿ ಓದಬೇಕು.

ಸ್ಯಾಕರಿನ್ ಒಂದರಿಂದಲೇ ಹರಳನ್ನು ಸಣ್ಣದು ಮಾಡಬಹುದಲ್ಲ, ಪುಡಿ ಯಾಕೆ ಎಂದು ಕೇಳಬಹುದು. ತಣ್ಣಗಿರುವ ಭಾಗಕ್ಕೆ ಅದು ಸಾಕು. ಬಿಸಿ ಏರಿದಾಗ ಕಷ್ಟ ಶುರುವಾಗುತ್ತದೆ. ತೀರ ಸಣ್ಣ ಹರಳುಗಳು ಕೆಲವು ನೂರು ಡಿಗ್ರಿಯಲ್ಲೇ ಒಂದನ್ನೊಂದು ನುಂಗಿ ದೊಡ್ಡವಾಗುತ್ತವೆ, ಕಷ್ಟಪಟ್ಟು ಗಳಿಸಿದ ಗಡಸುತನ ಕರಗಿಹೋಗುತ್ತದೆ. ಸಾಲದ್ದಕ್ಕೆ ಸ್ಯಾಕರಿನ್‌ನಿಂದ ಬಂದ ಗಂಧಕ ಹರಳಿನ ಅಂಚುಗಳಿಗೆ ಸರಿದು ನಿಕಲನ್ನು ಪೆಡಸು ಮಾಡುತ್ತದೆ. ಅಂಚಿನಲ್ಲಿ ಕೂತ ಕರಗದ ಆಕ್ಸೈಡ್ ಕಣ ಬೇರೆ ಬಗೆಯದು. ಅದು ಬಿಸಿಗೆ ಜಗ್ಗದೆ ಅಂಚನ್ನು ಇದ್ದಲ್ಲೇ ಹಿಡಿದಿಡುತ್ತದೆ.

ಗಡಸುತನದ ಬಗ್ಗೆ ಎಲ್ಲರೂ ಬರೆಯುತ್ತಾರೆ. ಆದರೆ ಈ ಲೇಪಗಳ ನಿಜವಾದ ಸೊಗಸು ಕಾಣುವುದು ಕುಲುಮೆಯ ಬಿಸಿಯಲ್ಲಿ.

ನಿಕಲ್ 1,455 ಡಿಗ್ರಿಯವರೆಗೆ ಕರಗದು. ಅದಕ್ಕೂ ಎಷ್ಟೋ ಮುಂಚೆ, 800-900 ಡಿಗ್ರಿಯಲ್ಲಿ, ಗಾಳಿಯ ಆಮ್ಲಜನಕ ಅದನ್ನು ತಿನ್ನತೊಡಗುತ್ತದೆ. ಮೇಲೆ ಹಸಿರು-ಬೂದು ಬಣ್ಣದ ನಿಕಲ್ ಆಕ್ಸೈಡ್ ಚಕ್ಕೆ ಬೆಳೆಯುತ್ತದೆ. ಆಮ್ಲಜನಕ ಒಳಗೆ ನುಗ್ಗಿ ಹೀಗಾಗುತ್ತದೆ ಎಂದುಕೊಂಡರೆ ತಪ್ಪು. ಬಹುಪಾಲು ನಿಕಲ್ ಅಯಾನುಗಳೇ ಚಕ್ಕೆಯ ಮೂಲಕ ಹೊರಗೆ ಬಂದು ಆಮ್ಲಜನಕವನ್ನು ಸೇರುತ್ತವೆ. ಹಾಗೆ ಹೊರಬರಲು ಅವು ಹಿಡಿಯುವ ಹತ್ತಿರದ ದಾರಿ ಆಕ್ಸೈಡಿನ ಹರಳುಗಳ ಅಂಚು. ಹೊರಗೆ ಹೋದ ನಿಕಲ್‌ನ ಜಾಗದಲ್ಲಿ ಚಕ್ಕೆಯ ಕೆಳಗೆ ಸಣ್ಣ ಸಣ್ಣ ಪೊಳ್ಳುಗಳು ಉಳಿಯುತ್ತವೆ. ಯಂತ್ರ ತಣ್ಣಗಾದಾಗ ಲೋಹ ಹೆಚ್ಚು ಕುಗ್ಗುತ್ತದೆ, ಆಕ್ಸೈಡ್ ಅಷ್ಟು ಕುಗ್ಗುವುದಿಲ್ಲ. ಚಕ್ಕೆ ಸಿಡಿದು ಉದುರುತ್ತದೆ. ಮುಂದಿನ ಸಲ ಬಿಸಿ ಮಾಡಿದಾಗ ಹೊಸ ಲೋಹ ಬಲಿ.

ಇದಕ್ಕೆ ಮದ್ದು ಬಹಳ ಹಿಂದೆಯೇ ಸಿಕ್ಕಿತ್ತು. ಬ್ರಿಟನ್ನಿನ ಮಾಂಡ್ ನಿಕಲ್ ಕಂಪನಿಯ ಎಲ್.ಬಿ. ಫೈಲ್ 1937ರ ಪೇಟೆಂಟ್ ಒಂದರಲ್ಲಿ, ಮಿಶ್ರಲೋಹಕ್ಕೆ ಸೀರಿಯಂನಂಥ ವಿರಳ ಭಸ್ಮ ಧಾತುವನ್ನು ಚಿಟಿಕೆಯಷ್ಟು ಸೇರಿಸಿದರೆ ಬಿಸಿಯಲ್ಲಿ ಅದರ ಬಾಳಿಕೆ ಹೆಚ್ಚುತ್ತದೆ ಎಂದು ತೋರಿಸಿದರು. ಸಿಗರೇಟ್ ಲೈಟರಿನ ಕಿಡಿ ಹಾರುವ ಕಲ್ಲಿನಲ್ಲಿರುವುದೂ ಮುಖ್ಯವಾಗಿ ಇದೇ ಸೀರಿಯಂ. ನಿಕಲ್ ಬಾತ್‌ಗೆ ಸೀರಿಯಂ ಆಕ್ಸೈಡಿನ ನ್ಯಾನೋ ಪುಡಿ ಹಾಕಿ ಲೇಪಿಸಿದರೆ ಮಿಶ್ರಲೋಹ ಕರಗಿಸುವ ಗೋಜಿಲ್ಲದೆ ಅದೇ ಫಲ ಸಿಗುತ್ತದೆ. ಚಕ್ಕೆ ಬೆಳೆಯುವಾಗ ಸೀರಿಯಂ ಅಯಾನುಗಳು ಅದರ ಹರಳಂಚುಗಳಲ್ಲಿ ಸೇರಿಕೊಳ್ಳುತ್ತವೆ. ಅವು ನಿಕಲ್ ಅಯಾನುಗಳಿಗಿಂತ ದಪ್ಪ, ಚಲನೆ ನಿಧಾನ. ಹೊರದಾರಿ ಕಟ್ಟಿಕೊಳ್ಳುತ್ತದೆ. ಚಕ್ಕೆ ತೆಳ್ಳಗೆ, ಒತ್ತಾಗಿ, ಲೋಹಕ್ಕೆ ಕಚ್ಚಿಕೊಂಡು ಉಳಿಯುತ್ತದೆ.

ಸಣ್ಣ ಹರಳು ಅಂದರೆ ಹೆಚ್ಚು ಅಂಚು, ಹೆಚ್ಚು ಅಂಚು ಅಂದರೆ ಹೊರಬರಲು ಹೆಚ್ಚು ದಾರಿ. ಹಾಗಾದರೆ ನ್ಯಾನೋ ಹರಳಿನ ನಿಕಲ್ ಬೇಗನೆ ಆಕ್ಸೈಡ್ ಆಗಬೇಕಲ್ಲವೇ? ಬರೀ ನಿಕಲ್ ವಿಷಯದಲ್ಲಿ ಈ ಅನುಮಾನಕ್ಕೆ ಅರ್ಥವಿದೆ. ಚೀನಾದ ಶೆನ್ಯಾಂಗ್ ನಗರದ ಲೋಹ ಸಂಶೋಧನಾ ಸಂಸ್ಥೆಯವರು ಈ ಶತಮಾನದ ಮೊದಲ ದಶಕದಲ್ಲಿ ಇದೇ ದೌರ್ಬಲ್ಯವನ್ನು ಬಲವಾಗಿ ತಿರುಗಿಸಿದ ರೀತಿ ಮೆಚ್ಚುವಂಥದ್ದು. ಅವರು ಬಾತ್‌ಗೆ ಹಾಕಿದ್ದು ಆಕ್ಸೈಡನ್ನಲ್ಲ, ಕ್ರೋಮಿಯಂ ಲೋಹದ ನ್ಯಾನೋ ಪುಡಿಯನ್ನು. ಅಂಥ ಲೇಪವನ್ನು 900 ಡಿಗ್ರಿಗೆ ಕಾಯಿಸಿದಾಗ ಕ್ರೋಮಿಯಂ ಆ ಅಸಂಖ್ಯ ಅಂಚುಗಳ ದಾರಿಯಲ್ಲೇ ವೇಗವಾಗಿ ಮೇಲಕ್ಕೆ ಬಂದು ಕ್ರೋಮಿಯಂ ಆಕ್ಸೈಡಿನ ಒಡಕಿಲ್ಲದ ಹೊದಿಕೆಯಾಯಿತು. ಈ ಹೊದಿಕೆ ನಿಕಲ್ ಆಕ್ಸೈಡಿಗಿಂತ ಬಹಳ ನಿಧಾನವಾಗಿ ಬೆಳೆಯುತ್ತದೆ, ಕೆಳಗಿನ ಲೋಹವನ್ನು ಕಾಯುತ್ತದೆ. ಕುಲುಮೆಯಲ್ಲಿ ಕರಗಿಸಿ ಮಾಡಿದ ದೊಡ್ಡ ಹರಳಿನ ನಿಕಲ್-ಕ್ರೋಮಿಯಂ ಮಿಶ್ರಲೋಹದಲ್ಲಿ ಇಂಥ ಹೊದಿಕೆಗೆ ಶೇಕಡ 20ರ ಹತ್ತಿರ ಕ್ರೋಮಿಯಂ ಬೇಕಾಗುತ್ತದೆ. ಇಲ್ಲಿ ಶೇಕಡ 11ರಷ್ಟೇ ಸಾಕಾಯಿತು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯಕ್ಕೂ, ಅಂದರೆ ಎನ್‌ಎಎಲ್‌ಗೂ, ಈ ವಿದ್ಯೆ ಹೊಸದಲ್ಲ. ಅಲ್ಲಿನ ಸರ್ಫೇಸ್ ಎಂಜಿನಿಯರಿಂಗ್ ವಿಭಾಗದ ವಿಜ್ಞಾನಿಗಳು ನಿಕಲ್ ಮತ್ತು ನಿಕಲ್-ಕೋಬಾಲ್ಟ್ ಜತೆ ಸಿಲಿಕಾನ್ ಕಾರ್ಬೈಡ್ ನ್ಯಾನೋ ಕಣ ಸೇರಿಸಿದ ಲೇಪಗಳನ್ನು ಮಾಡಿ, ಕೋಬಾಲ್ಟ್ ಪ್ರಮಾಣ ಬದಲಿಸಿದಂತೆ ಗಡಸುತನವೂ ಸವೆತವೂ ಹೇಗೆ ಬದಲಾಗುತ್ತವೆ ಎಂಬುದನ್ನು ಪ್ರಕಟಿಸಿದ್ದಾರೆ. ವಿದ್ಯುತ್ ರಸಾಯನಕ್ಕೆಂದೇ ಇರುವ ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ಸಂಸ್ಥೆಯಲ್ಲೂ ಲೋಹ ಲೇಪನದ ಕೆಲಸ ದಶಕಗಳಿಂದ ನಡೆದಿದೆ. ಜ್ಞಾನಕ್ಕೆ ಕೊರತೆಯಿಲ್ಲ. ಪೀಣ್ಯದ ಶಾಪ್‌ಗಳಲ್ಲಿ ಇದು ಮಾಮೂಲಾಗದೆ ಉಳಿದಿರುವುದಕ್ಕೆ ಬೇರೆ ಕಾರಣಗಳಿವೆ.

ಮೊದಲನೆಯದು, ಪುಡಿ ಬಿಡಿಬಿಡಿಯಾಗಿ ಉಳಿಯುವುದಿಲ್ಲ. ಶುದ್ಧ ನೀರಿನಲ್ಲಿ ನ್ಯಾನೋ ಕಣಗಳು ತಮ್ಮ ವಿದ್ಯುದಾವೇಶದಿಂದ ಒಂದನ್ನೊಂದು ದೂರ ತಳ್ಳುತ್ತವೆ. ವಾಟ್ಸ್ ಬಾತ್‌ನಲ್ಲಿ ಲವಣ ಎಷ್ಟು ದಟ್ಟವೆಂದರೆ ಆ ತಳ್ಳುವಿಕೆಯ ವ್ಯಾಪ್ತಿ ಒಂದು ನ್ಯಾನೋಮೀಟರಿಗಿಂತ ಕೆಳಗಿಳಿಯುತ್ತದೆ. ಕಣಗಳು ಹತ್ತಿರ ಬರುತ್ತವೆ, ಅಂಟಿಕೊಳ್ಳುತ್ತವೆ, ಗಂಟಾಗುತ್ತವೆ. ದುಬಾರಿ ಬೆಲೆ ಕೊಟ್ಟು 20 ನ್ಯಾನೋಮೀಟರಿನ ಪುಡಿ ತಂದು, ಲೇಪದಲ್ಲಿ ಒಂದು ಮೈಕ್ರಾನಿನ ಗಂಟು ಪಡೆದರೆ ಏನು ಬಂತು? ಗಂಟಿನ ಸುತ್ತ ಲೇಪ ಸಡಿಲವಾಗಿ ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಅದಕ್ಕಾಗಿ ಅಲ್ಟ್ರಾಸೌಂಡ್ ಅಲೆಗಳಿಂದ ಗಂಟು ಒಡೆಯುತ್ತಾರೆ. ನಂಜುನಿವಾರಕಗಳಲ್ಲಿರುವ ಸೆಟ್ರಿಮೈಡ್ ಬಳಗದ ರಾಸಾಯನಿಕಗಳನ್ನು ಕಣದ ಮೈಗೆ ಸವರುತ್ತಾರೆ. ಕರೆಂಟನ್ನು ಒಂದೇ ಸಮ ಹರಿಸದೆ ಮಿಲಿಸೆಕೆಂಡುಗಳ ಲೆಕ್ಕದಲ್ಲಿ ಕೊಟ್ಟು ನಿಲ್ಲಿಸುತ್ತಾರೆ. ಆ ಬಿಡುವಿನಲ್ಲಿ ಮೇಲ್ಮೈ ಬಳಿ ಖಾಲಿಯಾದ ನಿಕಲ್ ಅಯಾನು ಮತ್ತೆ ತುಂಬಿಕೊಳ್ಳುತ್ತದೆ, ಹರಳು ಇನ್ನೂ ಸಣ್ಣದಾಗುತ್ತದೆ. ಅರ್ಧ ಲೀಟರಿನ ಬೀಕರಿನಲ್ಲಿ ಇದೆಲ್ಲ ಸುಲಭ. ಸಾವಿರ ಲೀಟರಿನ ತೊಟ್ಟಿಯ ಮೂಲೆ ಮೂಲೆಯಲ್ಲೂ ಪುಡಿ ಸಮವಾಗಿ ತೇಲುತ್ತಿರಬೇಕು.

ಎರಡನೆಯ ಕಾರಣ ಶಾಪ್ ನಡೆಸುವವರಿಗೆ ತಟ್ಟನೆ ಹೊಳೆಯುವಂಥದ್ದು. ನಿಕಲ್ ಬಾತ್‌ಗೆ ಫಿಲ್ಟರ್ ಪಂಪ್ ಇಲ್ಲದೆ ಕೆಲಸ ನಡೆಯದು. ದೂಳು, ಆನೋಡಿನ ಕೆಸರು ಲೇಪದಲ್ಲಿ ಸೇರಿ ಮೈ ತರಿತರಿಯಾಗದಿರಲೆಂದು ದ್ರಾವಣವನ್ನು ಸೋಸುತ್ತಲೇ ಇರುತ್ತಾರೆ. ಬೇಕಾದ ಪುಡಿಯನ್ನು ಬಿಟ್ಟು ಬೇಡದ ಕಸವನ್ನಷ್ಟೇ ಹಿಡಿಯುವ ಫಿಲ್ಟರ್ ಎಲ್ಲಿಂದ ತರುವುದು? ಮಾಮೂಲಿ ಬಾತ್ ವರ್ಷಗಟ್ಟಲೆ ನಡೆಯುತ್ತದೆ. ಪುಡಿ ಬೆರೆತ ಬಾತ್‌ಗೆ ಬೇರೆಯೇ ಶಿಸ್ತು ಬೇಕು.

ಲೋಹಕ್ಕೂ ಅದರದೇ ಮಿತಿ ಇದೆ. ಗಂಧಕ ಕಂಡರೆ ನಿಕಲ್‌ಗೆ ಆಗದು. 1990ರ ದಶಕದಲ್ಲಿ ಬಿಎಂಡಬ್ಲ್ಯು ಮತ್ತು ಜಾಗ್ವಾರ್‌ನ ಕೆಲವು ಎಂಜಿನ್‌ಗಳ ನಿಕಾಸಿಲ್ ಸಿಲಿಂಡರುಗಳು ಹೆಚ್ಚು ಗಂಧಕವಿದ್ದ ಪೆಟ್ರೋಲಿಗೆ ಸಿಕ್ಕಿ ಹಾಳಾದವು, ಕಂಪನಿಗಳು ಲೇಪವನ್ನೇ ಬಿಟ್ಟು ಬೇರೆ ದಾರಿ ಹಿಡಿದವು. ಭಾರತದಲ್ಲಿ 2020ರ ಏಪ್ರಿಲ್‌ನಿಂದ ಬಿಎಸ್-6 ಪೆಟ್ರೋಲಿನ ಗಂಧಕ ಮಿತಿ ಹತ್ತು ಲಕ್ಷ ಭಾಗದಲ್ಲಿ 10 ಭಾಗಕ್ಕೆ ಇಳಿದಿರುವುದರಿಂದ ಆ ಭಯ ಈಗ ಬಹುಮಟ್ಟಿಗೆ ಇಲ್ಲ.

ಇಷ್ಟೆಲ್ಲ ಕಷ್ಟವಿದ್ದೂ ಈ ಲೇಪದ ಬೆನ್ನು ಬಿಡಬಾರದು ಎನ್ನುವುದಕ್ಕೆ ಗಟ್ಟಿಯಾದ ಕಾರಣ ಹಾರ್ಡ್ ಕ್ರೋಮ್. ಜೆಸಿಬಿಯ ಕೈಯನ್ನು ಎತ್ತಿಳಿಸುವ ಹೈಡ್ರಾಲಿಕ್ ರಾಡ್‌ನ ಬೆಳ್ಳಗಿನ ಹೊಳಪು ಅದರದು. ಗಡಸುತನದಲ್ಲಿ ಅದು 800ರಿಂದ 1,000 ವಿಕರ್ಸ್ ಮುಟ್ಟುತ್ತದೆ. ಪುಡಿ ಸೇರಿದ ನಿಕಲ್ ಲೇಪ ಅಷ್ಟು ಏರದು ಎಂಬುದನ್ನು ಒಪ್ಪಲೇಬೇಕು. ಆದರೆ ಹಾರ್ಡ್ ಕ್ರೋಮ್ ಸುಮಾರು 400 ಡಿಗ್ರಿ ದಾಟಿದ ಮೇಲೆ ಮೆದುವಾಗುತ್ತ ಹೋಗುತ್ತದೆ. ಹರಿಸಿದ ವಿದ್ಯುತ್ತಿನಲ್ಲಿ ಲೇಪಕ್ಕೆ ಬಳಕೆಯಾಗುವುದು ಶೇಕಡ 10ರಿಂದ 25 ಮಾತ್ರ, ನಿಕಲ್‌ನಲ್ಲಿ ಅದು ಶೇಕಡ 95ರ ಹತ್ತಿರ. ಎಲ್ಲಕ್ಕಿಂತ ದೊಡ್ಡ ಮಾತು, ಹಾರ್ಡ್ ಕ್ರೋಮ್ ತೊಟ್ಟಿಯಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಅದು ಕ್ಯಾನ್ಸರ್‌ಕಾರಕ ಎಂಬುದರಲ್ಲಿ ಸಂಶಯವಿಲ್ಲ. ತೊಟ್ಟಿಯಿಂದ ಏಳುವ ಮಂಜು ಕೆಲಸಗಾರನ ಮೂಗಿನ ಒಳಗೋಡೆಯನ್ನೇ ತೂತು ಮಾಡಬಲ್ಲದು. ಯುರೋಪಿನಲ್ಲಿ 2017ರ ಸೆಪ್ಟೆಂಬರ್‌ನಿಂದ ವಿಶೇಷ ಪರವಾನಗಿ ಇಲ್ಲದೆ ಅದನ್ನು ಬಳಸುವಂತಿಲ್ಲ. ಪೀಣ್ಯದ ಅಂತರ್ಜಲದಲ್ಲಿ ಈ ಕ್ರೋಮಿಯಂ ಸೇರಿಕೊಂಡಿರುವುದನ್ನು ಅಧ್ಯಯನಗಳು ತೋರಿಸಿವೆ. ಕುಡಿಯುವ ನೀರಿನಲ್ಲಿ ಕ್ರೋಮಿಯಂಗೆ ಭಾರತೀಯ ಮಾನಕ ಕೊಟ್ಟಿರುವ ಮಿತಿ ಲೀಟರಿಗೆ 0.05 ಮಿಲಿಗ್ರಾಂ. ಕೊಳವೆಬಾವಿ ನಂಬಿ ಬದುಕುವ ಊರಿನಲ್ಲಿ ಇದು ಉದಾಸೀನ ಮಾಡುವ ಸಂಗತಿಯಲ್ಲ.

ನಿಕಲ್ ಕೂಡ ನಿರಪಾಯಕಾರಿಯಲ್ಲ. ಅದರ ಸಂಯುಕ್ತಗಳೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿವೆ, ಎಷ್ಟೋ ಜನರ ಚರ್ಮಕ್ಕೆ ನಿಕಲ್ ತಾಗಿದರೆ ತುರಿಕೆ ಏಳುತ್ತದೆ, ಕುಡಿಯುವ ನೀರಿನಲ್ಲಿ ಅದರ ಮಿತಿ ಇನ್ನೂ ಕಡಿಮೆ, ಲೀಟರಿಗೆ 0.02 ಮಿಲಿಗ್ರಾಂ. ಗಾಳಿಗೆ ಹಾರಬಲ್ಲ ನ್ಯಾನೋ ಪುಡಿಯನ್ನು ಬರಿಗೈಯಲ್ಲಿ, ಮಾಸ್ಕ್ ಇಲ್ಲದೆ ತೂಗುವುದಂತೂ ಕೂಡದು. ಆದರೆ ಕೊಳೆನೀರನ್ನು ಶುದ್ಧಗೊಳಿಸುವ ಹಂತದಲ್ಲಿ ಎರಡರ ನಡುವೆ ವ್ಯತ್ಯಾಸವಿದೆ. ಕ್ರೋಮ್ ನೀರಿಗೆ ಮೊದಲು ಆಮ್ಲ ಸೇರಿಸಿ, ಸೋಡಿಯಂ ಮೆಟಾಬೈಸಲ್ಫೈಟ್‌ನಿಂದ ಆರು ವೇಲೆನ್ಸಿಯನ್ನು ಮೂರಕ್ಕೆ ಇಳಿಸಿ, ಆಮೇಲೆ ಸುಣ್ಣ ಹಾಕಿ ತಳಕ್ಕೆ ಇಳಿಸಬೇಕು. ಮೊದಲ ಹಂತ ತಪ್ಪಿದರೆ ವಿಷ ಕರಗಿದ ರೂಪದಲ್ಲೇ ಚರಂಡಿಗೆ ಹೋಗುತ್ತದೆ. ವಾಟ್ಸ್ ಬಾತ್‌ನಿಂದ ತೆಗೆದ ಬಿಡಿಭಾಗ ತೊಳೆದ ನಿಕಲ್ ನೀರಿಗೆ ಸುಣ್ಣವೋ ಕಾಸ್ಟಿಕ್ ಸೋಡವೋ ಹಾಕಿ ಪಿಎಚ್ ಹತ್ತರ ಹತ್ತಿರ ತಂದರೆ ಹಸಿರು ಹೈಡ್ರಾಕ್ಸೈಡ್ ಗಸಿಯಾಗಿ ಕೆಳಗೆ ಕೂರುತ್ತದೆ. ನ್ಯಾನೋ ಕಣಗಳಲ್ಲೂ ಬಹುಪಾಲು ಆ ಗಸಿಗೇ ಅಂಟಿಕೊಂಡು ತಳ ಸೇರುತ್ತವೆ.